ಹಾಲಿನ ಕೋಣೆ

ಅಕ್ಕನಿಗೆ ಹೇಸಿಗೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಇಸ್ತ್ರಿಪೆಟ್ಟಿಗೆ ಹಿಡಿದವಳು. ಕಂಡವರ ಹಾಸಿಗೆಯ ಕಲೆ, ಕಂಡವರ ಟವೆಲಿನ ನಾತ, ಕಂಡವರ ದಿಂಬಿಗಂಟಿದ ಕೂದಲು, ಎಲ್ಲ ನೋಡಿ ನೋಡಿ ಅವಳ ಮೂಗು ಸತ್ತೇ ಹೋಗಿದೆ ಎಂದು ಮನೆಯವರು ಆಡಿಕೊಳ್ಳುತ್ತಿದ್ದರು. ಈ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಕಾಲಿಟ್ಟ ದಿನ ಆ ಸತ್ತ ಮೂಗು ಎದ್ದು ಕೂತಿತು.

ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಒಂದು ಹಿಡಿಯಷ್ಟಿದ್ದ ಹೆಣ್ಣುಕೂಸು ಗಾಜಿನ ಪೆಟ್ಟಿಗೆ ಸೇರಿತ್ತು. ತಂಗಿಯ ಗಂಡ ಲಾರಿ ಓಡಿಸಿಕೊಂಡು ದೂರ ಹೋಗಿದ್ದ. ಊರಲ್ಲಿದ್ದರೂ ಗಂಡಸರನ್ನು ವಾರ್ಡಿನ ಬಾಗಿಲು ದಾಟಲು ಬಿಡುವುದಿಲ್ಲ. ಹಾಗಾಗಿ ಅಕ್ಕನೇ ಲಾಂಡ್ರಿಗೆ ರಜೆ ಹಾಕಿ ಬಂದು ನಿಂತಿದ್ದಳು.

ಗೇಟಿನ ಪಕ್ಕ ಆಳೆತ್ತರದ ಬೋರ್ಡು. ಮೇಲೆ ನಗುವ ತಾಯಿ, ನಗುವ ಮಗು. ಕೆಳಗೆ ಆಸ್ಪತ್ರೆಯ ಸೌಲಭ್ಯಗಳು: ಬಾಣಂತಿಯರಿಗೆ ಬಿಸಿನೀರು, ತಾಯಂದಿರು ತಂಗುವ ಕೋಣೆ, ಮಕ್ಕಳಿಗೆ ಆಟದ ಮೂಲೆ, ಹಾಲು ತೆಗೆಯುವ ಕೋಣೆ. ಮೊದಲ ದಿನ ಅಕ್ಕ ಅದನ್ನು ಗಟ್ಟಿಯಾಗಿ ಓದಿ, "ನೋಡು, ಎಲ್ಲ ಇದೆ, ಏನೂ ಹೆದರ್ಬೇಡ" ಎಂದು ತಂಗಿಗೆ ಧೈರ್ಯ ಹೇಳಿದ್ದಳು. ಆಮೇಲೆ ಒಂದೊಂದರ ಬಣ್ಣವೂ ಬಯಲಾಯಿತು. ಬಿಸಿನೀರಿನ ಗೀಸರು ಗೋಡೆಯ ಮೇಲೆ ಇತ್ತು, ಅದರ ವೈರನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ತಂಗುವ ಕೋಣೆಯಲ್ಲಿ ಕಾಲು ಮುರಿದ ಮಂಚಗಳು ಒಂದರ ಮೇಲೊಂದು ತಂಗಿದ್ದವು. ಆಟದ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಆನೆ ಕಬ್ಬಿಣದ ಸರಳುಗಳ ಹಿಂದೆ ಜೈಲು ಸೇರಿದಂತೆ ನಿಂತಿತ್ತು. ಹಾಲಿನ ಕೋಣೆಗೆ ಬೀಗ.

"ಹಾಲು ತೆಗೆಯೋ ಮೆಷಿನ್ನು ಇನ್ನೂ ಬಂದಿಲ್ಲಮ್ಮ" ಎಂದಿದ್ದರು ದೊಡ್ಡ ಸಿಸ್ಟರ್. ಇಡೀ ಮಹಡಿಯ ಬೀಗದ ಕೈಗಳೆಲ್ಲ ಅವರ ಸೊಂಟದಲ್ಲೇ. ನಡೆದರೆ ಗಿಲಗಿಲ ಸದ್ದು. ಸದ್ದು ಕೇಳಿದರೆ ಆಯಾಗಳು ಪೊರಕೆ ಎತ್ತಿಕೊಳ್ಳುತ್ತಿದ್ದರು, ಸದ್ದು ನಿಂತರೆ ಇಳಿಸುತ್ತಿದ್ದರು.

"ಮೆಷಿನ್ನು ಬೇಡ ಸಿಸ್ಟರ್, ಕೂತ್ಕೊಳ್ಳೋಕೆ ಒಂದು ಜಾಗ ಕೊಡಿ ಸಾಕು."

"ಜಾಗಕ್ಕೇನು? ಅಲ್ಲೇ ಇದೆಯಲ್ಲ, ಬಾತ್‌ರೂಮು."

ಪೆಟ್ಟಿಗೆ ಮಕ್ಕಳ ತಾಯಂದಿರೆಲ್ಲ ಹಾಲು ಹಿಂಡುತ್ತಿದ್ದದ್ದು ಅಲ್ಲೇ. ಮೊಲೆಗೆ ಬಾಯಿಡುವಷ್ಟು ಶಕ್ತಿ ಆ ಕೂಸುಗಳಿಗಿರಲಿಲ್ಲ. ತಾಯಿ ಸ್ಟೀಲಿನ ಲೋಟಕ್ಕೆ ಹಾಲು ಹಿಂಡಬೇಕು, ಪೆಟ್ಟಿಗೆ ವಾರ್ಡಿನ ಚಿಕ್ಕ ಕಿಟಕಿಯಲ್ಲಿ ಕೊಡಬೇಕು, ಒಳಗಿನ ಸಿಸ್ಟರ್ ಅದನ್ನು ಕೂಸಿನ ಮೂಗಿನ ನಳಿಕೆಗೆ ಬಿಡಬೇಕು. ಬಾತ್‌ರೂಮಿನ ನೆಲದಲ್ಲಿ ಯಾವಾಗಲೂ ಪಾದ ಮುಳುಗುವಷ್ಟು ನೀರು. ಅದು ಎಲ್ಲಿಂದ ಬಂದ ನೀರು ಎಂದು ಯಾರೂ ಯೋಚಿಸಲು ಹೋಗುತ್ತಿರಲಿಲ್ಲ. ಮೂಲೆಯ ಬುಟ್ಟಿ ಉಕ್ಕಿ, ರಕ್ತದ ಬಟ್ಟೆಗಳು ನೀರಲ್ಲಿ ತೇಲಿ ಬಂದು ಕಾಲಿಗೆ ತಾಗುತ್ತಿದ್ದವು. ಚಿಲಕವಿಲ್ಲದ ಬಾಗಿಲಿಗೆ ಅಕ್ಕ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ತಂಗಿ ಉಸಿರು ಬಿಗಿಹಿಡಿದು ಹಿಂಡುತ್ತಿದ್ದಳು. ಉಸಿರು ಬಿಗಿದರೆ ಹಾಲೂ ಬಿಗಿಯುತ್ತದೆ. ಒಮ್ಮೆ ಲೋಟದ ಕಂಠದ ಮೇಲೆ ಜಿರಳೆಯೊಂದು ಮೀಸೆ ಆಡಿಸುತ್ತ ಕೂತದ್ದನ್ನು ಕಂಡು ತಂಗಿ ಹಾಲನ್ನಷ್ಟೂ ಚೆಲ್ಲಿ ಗೊಳೋ ಎಂದು ಅತ್ತಿದ್ದಳು.

"ಹಸುವಿಗಾದ್ರೂ ಒಂದು ಕೊಟ್ಟಿಗೆ ಅಂತ ಇರುತ್ತೆ ಕಣಮ್ಮ" ಎಂದಿದ್ದಳು ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಅವಳಿ ಮಕ್ಕಳ ತಾಯಿ. "ನಾನಂತೂ ಎರಡಕ್ಕೆ ಹಿಂಡ್ಬೇಕು. ನನ್ನ ಕಾಲೇ ಮೊದಲು ಕೊಳೆಯುತ್ತೋ, ಹಾಲೇ ಮೊದಲು ಬತ್ತುತ್ತೋ ನೋಡ್ಬೇಕು."

ಆ ದಿನ ಚೆಲ್ಲಿದ ಹಾಲಿನ ಬದಲು ಒಳಗೆ ಡಬ್ಬಿ ಪುಡಿ ಕಲಸಿ ಕೊಟ್ಟರು. ಸಂಜೆಯ ಹೊತ್ತಿಗೆ ಕೂಸಿನ ಹೊಟ್ಟೆ ಊದಿ ಬಲೂನಿನಂತಾಗಿ, ನಳಿಕೆಯಲ್ಲಿ ಹಸಿರು ನೀರು ವಾಪಸು ಬಂತು. ಮಕ್ಕಳ ಡಾಕ್ಟರಮ್ಮ ಬಂದು ಗ್ಲೂಕೋಸು ಹಾಕಲು ನರ ಹುಡುಕಿದರು. ಕೈ ಆಯಿತು, ಕಾಲಾಯಿತು, ಕೊನೆಗೆ ಬೋಳು ತಲೆಯಲ್ಲಿ ಒಂದು ಸಿಕ್ಕಿತು. ಮರುದಿನ ಅಕ್ಕ-ತಂಗಿಯನ್ನು ಕರೆದು ಕೂರಿಸಿ ಹೇಳಿದ್ದರು: "ಇವಳ ಕರುಳು ಇನ್ನೂ ಹಣ್ಣಾಗಿಲ್ಲ. ತಾಯಿ ಹಾಲು ಬಿಟ್ಟು ಬೇರೇನೂ ತಡ್ಕೊಳ್ಳಲ್ಲ. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲೂ ಏನೂ ಆಗಲ್ಲ. ಪ್ರತಿ ಸಲವೂ ಹಾಲು ಕಿಟಕಿಗೆ ಬರ್ಲೇಬೇಕು." ಪುಡಿ ಕೊಡಬೇಡಿ ಎಂದು ಒಳಗೂ ಹೇಳಿದ್ದೇನೆ ಎಂದರು. ಆದರೆ ಅವರ ಪಾಳಿ ಮುಗಿದ ಮೇಲೆ ಕಿಟಕಿಯ ಆಚೆ ನಡೆಯುವುದು ಕಿಟಕಿಯ ಆಚೆಯವರ ಅಭ್ಯಾಸವೇ. ಹಾಲು ಬರಲಿಲ್ಲವೋ, ಡಬ್ಬಿ ತೆರೆ.

ಹೀಗಿರುವಾಗ ಒಂದು ಬೆಳಗ್ಗೆ ಆಸ್ಪತ್ರೆ ಸ್ನಾನ ಮಾಡಿ ಎದ್ದಿತು.

ಅಕ್ಕ ಬೆಳಗಿನ ಚಹಾ ಹಿಡಿದು ಬರುವಷ್ಟರಲ್ಲಿ ನೆಲದ ಮೇಲೆ ಫಿನಾಯಿಲಿನ ಹೊಳೆ. ಎಂದೂ ಕಾಣದ ಬಿಳಿ ಹೊದಿಕೆಗಳು ಹಾಸಿಗೆಗಳ ಮೇಲೆ. ಮೆಟ್ಟಿಲ ಇಕ್ಕೆಲದಲ್ಲೂ ಹೂವಿನ ಕುಂಡ. ಆಟದ ಮೂಲೆಯ ಸರಳು ತೆಗೆದು ಆನೆಗೆ ಬಿಡುಗಡೆ ಕೊಟ್ಟಿದ್ದರು. ಯಾರೋ ಮೇಲಿನವರು ಸೌಲಭ್ಯ ನೋಡಲು ಬರುತ್ತಾರಂತೆ. ಗೋಡೆಯ ಮೇಲಿನ ಉಗುಳಿನ ಕಲೆಗಳಿಗೆ ಬಡಿದ ಸುಣ್ಣ ಇನ್ನೂ ಹಸಿಯಾಗಿತ್ತು. ಒರಗಿದವರ ಬೆನ್ನಿಗೆಲ್ಲ ಬಿಳಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದುಕೊಂಡಳು ಅಕ್ಕ. ನಾತ ಹೋಗಿರಲಿಲ್ಲ. ಫಿನಾಯಿಲಿನ ಅಡಿಯಿಂದ ಅದು ಮೊದಲಿಗಿಂತ ಗಟ್ಟಿಯಾಗಿ ಏಳುತ್ತಿತ್ತು, ಸೆಂಟು ಹಾಕಿಕೊಂಡ ಹೆಣದಂತೆ.

ಗಿಲಗಿಲ ಸದ್ದು ಕಾರಿಡಾರಿನಲ್ಲಿ ಬಂತು. ದೊಡ್ಡ ಸಿಸ್ಟರ್ ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಹೆಂಗಸರನ್ನು ನೋಡುತ್ತ ಬರುತ್ತಿದ್ದರು. "ನೀನು ಹಿಂದಕ್ಕೆ. ನೀನೂ ಹಿಂದಕ್ಕೆ. ಏನಮ್ಮ ಇದು ತಲೆ, ಕಾಗೆ ಗೂಡು! ಹಿಂದಕ್ಕೆ." ತಂಗಿಯ ಮುಂದೆ ನಿಂತರು. ನೈಟಿಯ ಎದೆಯ ಮೇಲೆ ಹಾಲು ಸೋರಿ ಒಣಗಿದ ಎರಡು ಹಳದಿ ಚಕ್ರ. "ಛೀ ಛೀ. ಹಿಂದಕ್ಕೆ."

ಆಮೇಲೆ ಅಕ್ಕನ ಕಡೆ ಕಣ್ಣು ಹೊರಳಿತು. ಅಕ್ಕ ಎಲ್ಲಿದ್ದರೂ ಬಟ್ಟೆಗೆ ಸುಕ್ಕು ಬೀಳಲು ಬಿಡುವವಳಲ್ಲ. ಅದು ಕಸುಬಿನ ಚಟ.

"ನೀನು ಬಾ. ಹಾಲಿನ ಕೋಣೆಗೆ."

"ಅಯ್ಯೋ ಸಿಸ್ಟರ್, ನಾನು ತಾಯಿ ಅಲ್ಲ, ತಾಯಿಯ ಅಕ್ಕ. ನನ್ನ ಮಗನಿಗೇ ಮೀಸೆ ಬಂದಿದೆ."

"ಯಾರಾದ್ರೇನಮ್ಮ, ಬಟ್ಟೆ ಚೆನ್ನಾಗಿದೆ. ಕೂತ್ಕೊಂಡು ಎದ್ದು ಹೋಗೋದಷ್ಟೇ."

ಕಾರಿಡಾರಿನ ತುದಿಯಲ್ಲಿ ಹಾಲಿನ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಮೆಷಿನ್ನು ಬಂದಿತ್ತು. ಅಕ್ಕ ಒಂದೇ ನೋಟಕ್ಕೆ ಲೆಕ್ಕ ಹಾಕಿದಳು: ಒಣಗಿದ ನೆಲ, ಬೇಸಿನ್ನು, ನಲ್ಲಿ. ಮುಂದಿನ ಹಾಲಿನ ಹೊತ್ತು ಹತ್ತಿರವಾಗುತ್ತಿತ್ತು.

"ಕೂತ್ಕೋತೀನಿ. ಆದ್ರೆ ನನ್ನ ತಂಗಿ ಇಲ್ಲೇ ಹಾಲು ತೆಗೀಬೇಕು. ಈಗಲೇ."

"ಈಗ ಹೇಗಾಗುತ್ತೆ? ಅವಳ ಅವತಾರ ನೋಡಿದ್ದೀಯಾ? ಅವರು ಆ ಕಡೆ ಹೋದ ತಕ್ಷಣ ಕರ್ಕೊಂಡು ಬಾ. ಹಾಲಿನ ಹೊತ್ತಿಗೆ ಮುಂಚೆ ಎಲ್ಲ ಮುಗಿಯುತ್ತೆ, ನನ್ನ ಮಾತು."

ಅಕ್ಕ ತಂಗಿಯ ಮುಖ ನೋಡಿದಳು. "ಹೋಗಕ್ಕ," ಎಂದಳು ತಂಗಿ, ಲೋಟವನ್ನು ಸೆರಗಿನಂತೆ ಹೊದ್ದ ಟವೆಲಿನಲ್ಲಿ ಮುಚ್ಚಿಕೊಳ್ಳುತ್ತ. "ಒಂದು ಸಲವಾದ್ರೂ ಒಳ್ಳೆ ಜಾಗದಲ್ಲಿ ಹಿಂಡ್ತೀನಿ." ಆಯಾ ಅವಳನ್ನೂ ಅವಳಿ ತಾಯಿಯನ್ನೂ ಉಳಿದವರನ್ನೂ ಹಿಂದಿನ ಜಗಲಿಗೆ ಹೊಡೆದುಕೊಂಡು ಹೋಗಿ ಕಬ್ಬಿಣದ ಬಾಗಿಲು ಎಳೆದಳು.

ಕೋಣೆಯ ಒಳಗೆ ಮೆತ್ತನೆಯ ಕುರ್ಚಿಗಳು, ಗುಲಾಬಿ ಪರದೆ, ಗಾಜಿನ ಕಪಾಟಿನಲ್ಲಿ ಮುಚ್ಚಳವಿರುವ ಪುಟ್ಟ ಬಾಟಲಿಗಳ ಸಾಲು. ಹಾಲು ತೆಗೆಯುವ ಮೆಷಿನ್ನಿಗೆ ಇನ್ನೂ ಪ್ಲಾಸ್ಟಿಕ್ಕು ಸುತ್ತಿತ್ತು. ಅಕ್ಕನ ಜೊತೆ ಆರಿಸಿದ್ದ ಇನ್ನಿಬ್ಬರಲ್ಲಿ ಒಬ್ಬಳು ಹೆರಿಗೆಯೇ ಆಗದ ತುಂಬು ಬಸುರಿ, ಇನ್ನೊಬ್ಬಳು ಅದೇ ಆಸ್ಪತ್ರೆಯ ಬಿಲ್ಲು ಕೌಂಟರಿನ ಹುಡುಗಿ, ಬಟ್ಟೆ ಬದಲಿಸಿಕೊಂಡು ಬಂದಿದ್ದಳು. ನಿಜವಾಗಿ ಹಾಲಿದ್ದವರು ಒಬ್ಬರೂ ಆ ಹಾಲಿನ ಕೋಣೆಯಲ್ಲಿರಲಿಲ್ಲ. ಬಾಣಂತಿಯರ ವಾರ್ಡಿನಿಂದ ದುಂಡಗಿನ ಮಗುವೊಂದನ್ನು ಎರವಲು ತಂದು ಅಕ್ಕನ ಮಡಿಲಿಗೆ ಹಾಕಿದರು.

ಅಕ್ಕ ಬೇಸಿನ್ನಿನ ನಲ್ಲಿ ತಿರುಗಿಸಿ ನೋಡಿದಳು. ಬಿಸಿನೀರು. ಈ ದಿನಕ್ಕೆಂದು ಗೀಸರಿಗೂ ಹೊಸ ವೈರು ಹಾಕಿಸಿದ್ದರು. ಗೋಡೆಯ ಆಚೆಯಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅದು ಆ ಬಾತ್‌ರೂಮು. ಇಷ್ಟು ದಿನ ತಂಗಿ ಕೊಳಕು ನೀರಲ್ಲಿ ಪಾದ ಊರಿ ಯಾವ ಗೋಡೆಗೆ ಹಣೆ ಆನಿಸಿ ಹಿಂಡುತ್ತಿದ್ದಳೋ, ಅದೇ ಗೋಡೆಯ ಈ ಮೈ ಇದು. ಇಲ್ಲಿ ಇದಕ್ಕೆ ಮೋಡದ ಚಿತ್ರ ಬರೆದಿದ್ದರು. ಬಾತ್‌ರೂಮಿನಲ್ಲಿ ಬಂದ ವಾಕರಿಕೆಯನ್ನು ಅಕ್ಕ ನುಂಗಿಕೊಂಡಿದ್ದಳು. ಈ ಮೋಡಗಳನ್ನು ನೋಡಿ ಬಂದದ್ದನ್ನು ನುಂಗಲಾಗಲಿಲ್ಲ. ಹುಳಿ ಗಂಟಲವರೆಗೂ ಬಂತು.

ಮೇಲಿನವರು ಬರಲಿಲ್ಲ. ಕೆಳಗೆ ತಿಂಡಿ ತಿನ್ನುತ್ತಿದ್ದಾರೆ ಎಂದರು. ಭಾಷಣ ನಡೆದಿದೆ ಎಂದರು. ಎರವಲು ಮಗು ಬೆವರಿತು, ಬಸುರಿ ತೂಕಡಿಸಿದಳು. ಹಾಲಿನ ಹೊತ್ತು ಬಂತು, ಹೋಯಿತು. ಅಕ್ಕ ಎದ್ದು ಬಾಗಿಲಿಗೆ ಬಂದರೆ ಆಯಾ ಅಡ್ಡ ನಿಂತಳು.

"ಎಲ್ಲಿಗೆ? ಮೆಟ್ಟಿಲ ಹತ್ರ ಬಂದಿದ್ದಾರೆ, ಕೂತ್ಕೋ."

"ನಮ್ಮ ಕೂಸಿಗೆ ಹಾಲು ಹೋಗಿಲ್ಲ ಕಣೇ. ಒಳಗೆ ಪುಡಿ ಕಲಸಿಬಿಡ್ತಾರೆ. ತಂಗಿ ಎಲ್ಲಿ?"

"ಹಿಂದೆ ಇದ್ದಾಳಲ್ಲ. ಅಲ್ಲೇ ಹಿಂಡ್ಕೊಳ್ಳಲಿ, ಯಾರು ಬೇಡ ಅಂದ್ರು?"

ಹಿಂದಿನ ಜಗಲಿ ಎಂದರೆ ಆಸ್ಪತ್ರೆಯ ಕಸ ರಾಶಿ ಹಾಕುವ ಜಾಗ. ಗಾಯದ ಹತ್ತಿ, ರಕ್ತದ ಬಟ್ಟೆ, ಅದರ ಮೇಲೆ ನಾಯಿ, ನಾಯಿಯ ಮೇಲೆ ನೊಣ. ಅಕ್ಕ ಆಯಾಳನ್ನು ತಳ್ಳಿಕೊಂಡು ಹೋಗಿಬಿಡುತ್ತಿದ್ದಳು, ಅಷ್ಟರಲ್ಲಿ ಕಾರಿಡಾರಿನಲ್ಲಿ ಬೂಟುಗಳ ಸದ್ದು. ದೊಡ್ಡ ಸಿಸ್ಟರ್ ಮುಂದೆ, ಹಿಂದೆ ಮೂಗಿಗೆ ಮಾಸ್ಕು ಹಾಕಿದ ಒಬ್ಬ ಮೇಡಂ, ಅವರ ಹಿಂದೆ ಫೋಟೋದವನು, ಅವನ ಹಿಂದೆ ಒಂದು ದಂಡು. ಅಕ್ಕ ಕುರ್ಚಿಗೆ ಬಂದು ಬಿದ್ದಳು.

"ದಿನಾ ಎಲ್ಲ ತಾಯಂದಿರೂ ಈ ಕೋಣೆ ಬಳಸ್ತಾರೆ ಮೇಡಂ," ಎಂದರು ದೊಡ್ಡ ಸಿಸ್ಟರ್, ಪ್ಲಾಸ್ಟಿಕ್ಕು ಬಿಚ್ಚದ ಮೆಷಿನ್ನಿನ ಮೇಲೆ ಕೈಯಿಟ್ಟು.

ಮೇಡಂ ಅಕ್ಕನ ನರೆತ ಬೈತಲೆ ನೋಡಿದರು. "ನಿಮ್ಮ ಮಗುನಾ?"

"ಹೌದು ಮೇಡಂ. ಸ್ವಲ್ಪ ತಡವಾಯ್ತು."

"ಗಂಡೋ, ಹೆಣ್ಣೋ?"

ಅದನ್ನು ಯಾರೂ ಅಕ್ಕನಿಗೆ ಹೇಳಿರಲಿಲ್ಲ. "ಹೆಣ್ಣು" ಎಂದಳು.

ಬಟ್ಟೆ ಸಡಿಲವಾಗಿತ್ತೋ ಏನೋ, ಆ ಮಗು ಆಗಲೇ ಕಾಲು ಒದೆಯಿತು. ತಾನು ಯಾರೆಂದು ಎಲ್ಲರಿಗೂ ಕಾಣುವಂತೆ, ನೆಟ್ಟಗೆ, ಎತ್ತರಕ್ಕೆ ಉಚ್ಚೆ ಹಾರಿಸಿತು. ನಾಲ್ಕು ಹನಿ ಮೇಡಮ್ಮಿನ ಬೂಟಿನ ಮೇಲೂ ಬಿತ್ತು. ಬಿಲ್ಲು ಕೌಂಟರಿನ ಹುಡುಗಿ ಕಿಸಕ್ಕೆಂದಳು. ಮೇಡಂ ದೊಡ್ಡ ಸಿಸ್ಟರನ್ನು ನೋಡಿದರು. ದೊಡ್ಡ ಸಿಸ್ಟರ್ ಅಕ್ಕನನ್ನು ನೋಡಿದರು. ಅಕ್ಕ ಆ ಗಂಡು ಮಗುವನ್ನು ನೋಡಿದಳು. ಸಿಕ್ಕಿಬಿದ್ದೆವು ಅಂದುಕೊಂಡಳು, ಅಂದುಕೊಂಡದ್ದೇ ಎದೆಯಲ್ಲಿ ಸಣ್ಣ ಆಸೆಯೂ ಹುಟ್ಟಿತು: ಈಗ ಕೇಳುತ್ತಾರೆ. ಕೇಳಿದರೆ ಹೇಳಿಬಿಡುತ್ತೇನೆ.

ಮೇಡಂ ಬೂಟು ಒರೆಸಲು ಕಾಗದ ತೆಗೆದುಕೊಂಡರು. "ಸೌಲಭ್ಯ ಹೇಗಿದೆಯಮ್ಮ ಇಲ್ಲಿ?" ಎಂದರು, ಬಗ್ಗಿಕೊಂಡೇ.

ಅಕ್ಕನ ಬಾಯಲ್ಲಿ ಜಗಲಿ ಇತ್ತು, ಜಿರಳೆ ಇತ್ತು, ತೇಲುವ ಬಟ್ಟೆಗಳಿದ್ದವು. ದೊಡ್ಡ ಸಿಸ್ಟರಿನ ಕೈ ಸೊಂಟದ ಗೊಂಚಲ ಮೇಲೆ ಇತ್ತು. ಇವರು ಹೊರಟು ಹೋಗುತ್ತಾರೆ, ನಾವು ಇಲ್ಲೇ ಇರುತ್ತೇವೆ, ಕೂಸು ಈ ಸಿಸ್ಟರುಗಳ ಕಿಟಕಿಯ ಆಚೆ ಇರುತ್ತದೆ. ಕೋಣೆ ಕೈಗೆ ಬಂದರೆ ಸಾಕು.

"ತುಂಬಾ ಚೆನ್ನಾಗಿದೆ ಮೇಡಂ."

"ವೆರಿ ಗುಡ್," ಎಂದರು ಮೇಡಂ ನೆಟ್ಟಗಾಗಿ. "ಚೆನ್ನಾಗಿ ಇಟ್ಟಿದ್ದೀರಿ ಸಿಸ್ಟರ್." ಫೋಟೋದವನು ಮಗುವನ್ನು ಸರಿಯಾಗಿ ಮುಚ್ಚಿಸಿ ಫೋಟೋ ಹೊಡೆದ. ದಂಡು ಹೊರಟಿತು. ಅಕ್ಕನಿಗೆ ಆಗ ತಿಳಿಯಿತು: ಮೋಸ ಹೋದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನೋಡಲು ಬಂದವರಿಗೂ ಗೊತ್ತು, ತೋರಿಸಿದವರಿಗೂ ಗೊತ್ತು, ಕೂತವಳಿಗೂ ಗೊತ್ತು. ಮೈಮೇಲೆ ಬಿದ್ದ ಉಚ್ಚೆಯೊಂದೇ ಅಲ್ಲಿ ಶುದ್ಧವಾಗಿದ್ದದ್ದು.

ಮಗುವನ್ನು ಹುಡುಗಿಯ ಕೈಗೆ ತುರುಕಿ ಅಕ್ಕ ಹಿಂದಿನ ಜಗಲಿಗೆ ಓಡಿದಳು. ಕಬ್ಬಿಣದ ಬಾಗಿಲು ತೆಗೆದಿತ್ತು. ತಂಗಿ ಗೋಡೆಗೆ ಒರಗಿ ನಿಂತಿದ್ದಳು, ತುಟಿ ಬೆಳ್ಳಗಾಗಿತ್ತು. "ಒಂದು ಸಲ ಹಿಂಡಿದೆ ಅಕ್ಕ, ನೊಣ ಬಿತ್ತು. ಚೆಲ್ಲಿದೆ. ಈಗ ಕಲ್ಲಾಗಿದೆ, ಮುಟ್ಟೋಕಾಗ್ತಿಲ್ಲ."

"ನಡಿ, ಕೋಣೆ ಇದೆ. ಬಿಸಿನೀರಿದೆ. ನಡಿ."

ಇಬ್ಬರೂ ಬಂದು ನೋಡಿದರೆ ಇಬ್ಬರು ಕೂಲಿಯವರು ಕುರ್ಚಿಗಳನ್ನು ಹೊತ್ತು ಹೊರಗೆ ಬರುತ್ತಿದ್ದರು. ಪರದೆ ಇಳಿದಿತ್ತು. ಮೆಷಿನ್ನು ರಟ್ಟಿನ ಪೆಟ್ಟಿಗೆ ಸೇರಿತ್ತು.

"ಎಲ್ಲಿಗೆ ತಗೊಂಡು ಹೋಗ್ತಿದ್ದೀರಿ?"

"ಮುಂದಿನ ಆಸ್ಪತ್ರೆಗೆ. ನಾಳೆ ಈ ಮೇಡಮ್ಮು ಅಲ್ಲಿಗೆ ಹೋಗ್ತಾರಲ್ಲ, ಇವತ್ತೇ ಇಳಿಸ್ಬೇಕು." ದಪ್ಪಗಿದ್ದ ಕೂಲಿಯವನು ಕುರ್ಚಿಯನ್ನು ತಲೆಯ ಮೇಲಿಂದ ಇಳಿಸದೆಯೇ ಹೇಳಿದ.

"ಇದೇ ಕುರ್ಚಿ ಅಲ್ಲೂ ಕಂಡ್ರೆ ಅವರಿಗೆ ಗುರುತು ಸಿಗಲ್ವೇನಪ್ಪಾ?"

"ಹೋದ ವರ್ಷವೂ ಇದೇ ಕುರ್ಚಿ ತಾಯಿ. ಇದು ಕಾಣದಿದ್ರೇ ಅವರಿಗೆ ಗಾಬರಿ ಆಗೋದು." ಅವನು ನಕ್ಕ. ಅಕ್ಕ ನಗಲಿಲ್ಲ.

ದೊಡ್ಡ ಸಿಸ್ಟರ್ ಬಂದವರ ಜೊತೆ ಊಟಕ್ಕೆ ಹೋಗಿದ್ದರು. ಆಯಾ ಬೀಗ ಹಿಡಿದು ಬಾಗಿಲ ಬಳಿ ನಿಂತಿದ್ದಳು, ಸಾಮಾನು ಖಾಲಿಯಾಗುವುದನ್ನೇ ಕಾಯುತ್ತ. ಅಕ್ಕ ತಂಗಿಯ ರಟ್ಟೆ ಹಿಡಿದು ಅವಳನ್ನು ದಾಟಿ ಒಳಗೆ ನುಗ್ಗಿದಳು.

"ಏಯ್! ಯಾರು ಹೇಳಿದ್ದು ಒಳಗೆ ಹೋಗೋಕೆ?"

"ನೀವೇ ಕೂರಿಸಿದ್ರಲ್ಲ ಬೆಳಗ್ಗೆಯಿಂದ. ನಾನು ಎದ್ದೇ ಇಲ್ಲ ಅಂತ ತಿಳ್ಕೋ."

ತಂಗಿಯನ್ನು ಬರಿ ನೆಲದ ಮೇಲೆ ಮೋಡಗಳಿಗೆ ಒರಗಿಸಿ ಕೂರಿಸಿದಳು. ಲೋಟವನ್ನು ಕೈ ಸುಡುವ ನೀರಲ್ಲಿ ಮೂರು ಸಲ ತೊಳೆದಳು. ಟವೆಲನ್ನು ಬಿಸಿನೀರಲ್ಲಿ ಹಿಂಡಿ ಎದೆಯ ಮೇಲಿಟ್ಟು ಒತ್ತಿದಳು. ತಂಗಿ ಹಲ್ಲು ಕಚ್ಚಿ, "ಅಮ್ಮಾ" ಎಂದು ಅರಚಿದಳು. ಮೊದಲು ಏನೂ ಬರಲಿಲ್ಲ. ಒಂದು ಹನಿ ಬಂತು, ನಿಂತಿತು. ಕೂಲಿಯವರು ಕಪಾಟು ಎತ್ತಲು ಬಂದವರು ಮುಖ ತಿರುಗಿಸಿ ಹೊರಗೆ ಹೋದರು. ಆಮೇಲೆ ತಂಗಿಯ ಭುಜ ಸಡಿಲವಾಯಿತು, ಉಸಿರು ಬಿಟ್ಟಳು, ಹಾಲು ಲೋಟದ ಗೋಡೆಗೆ ಸರ್ರೆಂದು ಹೊಡೆಯಿತು.

ಅಕ್ಕ ಲೋಟಕ್ಕೆ ಅಂಗೈ ಮುಚ್ಚಿಕೊಂಡು ಓಡಿದಳು. ಕಿಟಕಿ ಬಡಿದಳು. ಒಳಗಿನ ಸಿಸ್ಟರ್ ಎದೆಗೆ ಇನ್ನೂ ಬಟ್ಟೆಯ ಹೂವು ಚುಚ್ಚಿಕೊಂಡಿದ್ದರು. ಮೇಜಿನ ಮೇಲೆ ಪುಡಿಯ ಡಬ್ಬಿಯ ಬಾಯಿ ತೆರೆದಿತ್ತು. ಚಮಚ ಅವರ ಕೈಯಲ್ಲಿತ್ತು.

"ಕೊಟ್ಟುಬಿಟ್ರಾ?" ಅಕ್ಕ ಲೋಟವನ್ನು ಕಿಟಕಿಯೊಳಗೆ ಚಾಚಿದಳು. "ಸಿಸ್ಟರ್, ಪುಡಿ ಕೊಟ್ಟುಬಿಟ್ರಾ?"

"ಎಲ್ಲಿ ಕೊಡೋದಮ್ಮ, ಈಗ ತಾನೇ ಬಂದೆ. ಹೂವು ಹಿಡ್ಕೊಂಡು ಲೈನಲ್ಲಿ ನಿಲ್ಲಿ ಅಂತ ನಮ್ಮನ್ನೆಲ್ಲ ಕೆಳಗೆ ಕಳಿಸಿದ್ರಲ್ಲ. ಈಗ ಕಲಸ್ಬೇಕು ಅಂತಿದ್ದೆ."

"ಅಲ್ಲಿವರೆಗೆ ಒಳಗೆ ಯಾರಿದ್ರು?"

ಸಿಸ್ಟರ್ ಚಮಚ ಕೆಳಗಿಟ್ಟರು. ಲೋಟ ತೆಗೆದುಕೊಂಡರು.

ಅಂದರೆ ಆ ಹೊತ್ತಿಡೀ ಪೆಟ್ಟಿಗೆಯ ಕೂಸುಗಳ ಬಳಿ ಯಾರೂ ಇರಲಿಲ್ಲ. ಹಸಿದು ಬಾಯಿ ತೆರೆದರೂ, ಉಸಿರು ಮರೆತು ನೀಲಿಯಾದರೂ, ನೋಡುವ ಒಂದು ಜೀವ ಅಲ್ಲಿರಲಿಲ್ಲ. ಅವರ ಕೂಸು ಉಳಿದದ್ದು ಯಾರ ಕಾಳಜಿಯಿಂದಲೂ ಅಲ್ಲ, ಯಾರೂ ಇರದಿದ್ದುದರಿಂದ. ಅಕ್ಕ ಗಾಜಿನ ಆಚೆ ನೋಡುತ್ತ ನಿಂತಳು. ನಳಿಕೆಯಲ್ಲಿ ಹಾಲು ಬೆಳ್ಳಗೆ ಎಳೆಯಂತೆ ಇಳಿಯಿತು. ಕೂಸು ಬೆರಳು ಮಡಚಿತು, ಬಿಡಿಸಿತು. ಹೊಟ್ಟೆ ಊದಲಿಲ್ಲ. ಹಾಲು ಹೊಟ್ಟೆಯಲ್ಲೇ ನಿಂತಿತು. ಸಂತೋಷಪಡಬೇಕಾಗಿತ್ತು. ಸಂತೋಷವೂ ಆಯಿತು, ಆದರೆ ಹಳಸಿದ್ದನ್ನು ಹಸಿವಿಗೆ ತಿಂದ ಹಾಗೆ.

ವಾಪಸು ಬಂದಾಗ ಕೋಣೆಯ ತುಂಬ ಹೆಂಗಸರು. ಹಿಂದಿನ ಜಗಲಿಯಲ್ಲಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಬಂದಿದ್ದರು. ಅವಳಿ ತಾಯಿ ಬೇಸಿನ್ನಿನ ಮುಂದೆ ಕಾಲು ತೊಳೆಯುತ್ತ ಕಣ್ಣು ಮುಚ್ಚಿ ನಿಂತಿದ್ದಳು.

"ಕುಡೀತಾ?" ಎಂದಳು ತಂಗಿ.

"ಕುಡೀತು. ಪುಡಿ ಕೊಟ್ಟಿರಲಿಲ್ಲ."

ತಂಗಿ ಅತ್ತಳು, ಮೂಗು ಒರೆಸಿಕೊಂಡಳು. "ಏನು ಕೇಳಿದ್ರು ಅವರು ನಿನ್ನನ್ನ?"

"ಸೌಲಭ್ಯ ಹೇಗಿದೆ ಅಂತ."

"ನೀನೇನಂದೆ?"

"ಚೆನ್ನಾಗಿದೆ ಅಂದೆ."

ತಂಗಿ ಅವಳನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮತ್ತೆ ಮುಂದಿನ ಹಾಲಿಗೆ ಎಲ್ಲಿ ಹೋಗೋದಕ್ಕ?" ಎಂದಷ್ಟೇ ಕೇಳಿದಳು.

ಹೊರಗೆ ಕುರ್ಚಿಗಳನ್ನು ಹೇರಿಕೊಂಡ ವ್ಯಾನು ಹೊರಟ ಸದ್ದಾಯಿತು. ಆಯಾ ಬೀಗ ಹಿಡಿದು ಒಳಗೆ ಇಣುಕಿದಳು. "ಏಳ್ರಮ್ಮ, ಏಳಿ. ಬಾಗಿಲು ಹಾಕ್ಬೇಕು. ದೊಡ್ಡ ಸಿಸ್ಟರ್ ಬಂದ್ರೆ ನನ್ನ ಚರ್ಮ ಸುಲೀತಾರೆ."

ಅಕ್ಕ ಹೋಗಿ ಹೊಸ್ತಿಲ ಮೇಲೆ ಕೂತಳು. ಬೆನ್ನು ಒಂದು ಚೌಕಟ್ಟಿಗೆ, ಪಾದ ಇನ್ನೊಂದಕ್ಕೆ.

"ಹಾಕು."

"ನೀನು ಎದ್ರೆ ತಾನೇ ಹಾಕೋದು?"

"ಏಳಲ್ಲ. ನಾನಿಲ್ಲದಾಗ ಅವಳು ಕೂರ್ತಾಳೆ," ಎಂದು ಅವಳಿ ತಾಯಿಯ ಕಡೆ ಕೈ ತೋರಿಸಿದಳು. "ಅವಳಿಲ್ಲದಾಗ ಇನ್ನೊಬ್ಬಳು. ಬೇಕಾದ್ರೆ ನಿಮ್ಮ ದೊಡ್ಡ ಸಿಸ್ಟರನ್ನೇ ಕರ್ಕೊಂಡು ಬಾ. ಈ ಸಲ ನನ್ನ ಬಾಯಿಂದ ಬೇರೆಯದೇ ಬರುತ್ತೆ, ಇಡೀ ಮಹಡಿಗೆ ಕೇಳೋ ಹಾಗೆ."

ಅವಳಿ ತಾಯಿ ಒದ್ದೆ ಕಾಲಲ್ಲೇ ಬಂದು ಅಕ್ಕನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಹೊಸ್ತಿಲಲ್ಲಿ ಇನ್ನು ಬೆರಳು ತೂರಿಸುವಷ್ಟೂ ಜಾಗವಿರಲಿಲ್ಲ. ಆಯಾ ಬೀಗವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಕಾರಿಡಾರಿನ ಆ ತುದಿ ನೋಡಿದಳು, ಈ ತುದಿ ನೋಡಿದಳು. ಗಿಲಗಿಲ ಇನ್ನೂ ದೂರದಲ್ಲಿತ್ತು.

"ನೆಲ ಮಾತ್ರ ಗಲೀಜು ಮಾಡ್ಬೇಡಿ," ಎಂದಳು ಕೊನೆಗೆ, ಮುಖ ಸಿಂಡರಿಸಿ. "ಹೆಂಗಸರೆಲ್ಲ ಎಂಥ ಹೇಸಿಗೆಯಪ್ಪ!"